ಕತ್ತಲ ಕಡಲಿನ ಹೊಟ್ಟೆಪಾಡು

2025ರ ಆರಂಭದಲ್ಲಿ ಸ್ಪೇನಿಗೆ ಸೇರಿದ ಟೆನೆರೀಫ್ ದ್ವೀಪದ ಬಳಿ, ಹಾಡಹಗಲಲ್ಲೇ, ಕಪ್ಪು ಆಂಗ್ಲರ್ ಮೀನೊಂದು ನೀರಿನ ಮೇಲ್ಮೈಗೆ ಬಂತು. ನೂರಾರು ಮೀಟರ್ ಆಳದ ಕತ್ತಲಲ್ಲಿ ಇರಬೇಕಾದ ಪ್ರಾಣಿ ಅದು. ಶಾರ್ಕುಗಳ ಅಧ್ಯಯನಕ್ಕೆಂದು ದೋಣಿಯಲ್ಲಿದ್ದ ತಂಡ ಅದನ್ನು ಚಿತ್ರೀಕರಿಸಿತು. ಮೀನು ಕೆಲವೇ ಗಂಟೆಗಳಲ್ಲಿ ಸತ್ತಿತು. ವಿಡಿಯೊ ಮಾತ್ರ ದೇಶದೇಶ ಸುತ್ತಿ ಉಡುಪಿಯ ಒಬ್ಬ ಆಡಿಟರ ಫೋನಿಗೂ ಬಂದು ಬಿತ್ತು. ಅವರು ಅದನ್ನು ತೋರಿಸಲು ಹೋದದ್ದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾಗಿದ್ದ ತಮ್ಮ ಹಳೆಯ ಮೇಷ್ಟ್ರಿಗೆ. ಜಗಲಿಯ ಆ ತುದಿಯಲ್ಲಿ ಮೇಷ್ಟ್ರ ಅಕ್ಕ ಬಂಗುಡೆ ಹೆಚ್ಚುತ್ತ ಕೂತಿದ್ದರು.

“ಮುಖ ನೋಡಿ ಸಾರ್. ಬ್ರಹ್ಮ ಸಿಟ್ಟಿನಲ್ಲಿದ್ದಾಗ ಮಾಡಿದ್ದಿರಬೇಕು. ಆ ಹಲ್ಲು, ಆ ಬಾಯಿ, ಹಣೆಯ ಮೇಲೊಂದು ಕೋಲು, ಅದರ ತುದಿಗೆ ದೀಪ!”

“ಎಷ್ಟು ದೊಡ್ಡದು ಅಂದುಕೊಂಡೆ?” ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು.

“ಒಂದು ನಾಯಿಯಷ್ಟಾದರೂ ಇರಬೇಕು.”

“ಅಂಗೈಯಲ್ಲಿ ಹಿಡಿಸುತ್ತದೆ. ಈ ಜಾತಿಯ ಹೆಣ್ಣು ಎಷ್ಟೇ ಬೆಳೆದರೂ ಒಂದು ಗೇಣು ದಾಟುವುದಿಲ್ಲ. ಕ್ಯಾಮೆರಾ ಮೂಗಿನ ಹತ್ತಿರ ಹೋದರೆ ಜಿರಲೆಯೂ ರಾಕ್ಷಸನೇ.”

ಆಡಿಟರಿಗೆ ಸ್ವಲ್ಪ ನಿರಾಸೆಯಾಯಿತು. ಆದರೆ ಅವರು ಬಂದದ್ದು ಒಂದು ಗಟ್ಟಿ ಪ್ರಶ್ನೆ ಇಟ್ಟುಕೊಂಡೇ. ಪ್ರತಿ ಹತ್ತು ಮೀಟರ್ ಇಳಿದಂತೆ ಒಂದು ವಾಯುಭಾರದಷ್ಟು ಒತ್ತಡ ಏರುತ್ತದೆ ಎಂದು ಎಲ್ಲೋ ಓದಿದ್ದರು. ಎಂಟು ಸಾವಿರ ಮೀಟರ್ ಕೆಳಗೆ ಅಂದರೆ ಎಂಟುನೂರು ವಾಯುಭಾರ. ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ ಸುಮಾರು 800 ಕಿಲೋ ತೂಕ ಕೂತಂತೆ. “ಅಂಥ ಕಡೆ ಈ ಮೆತ್ತನೆಯ ಮೀನು ಚಟ್ನಿಯಾಗದೆ ಉಳಿಯುವುದು ಹೇಗೆ?”

“ಚಟ್ನಿಯಾಗುವುದು ಒಳಗೆ ಗಾಳಿ ಇದ್ದವರು,” ಎಂದರು ಮೇಷ್ಟ್ರು. “ಸಂಶೋಧನಾ ಹಡಗುಗಳಲ್ಲಿ ಒಂದು ಆಟ ಇದೆ. ಥರ್ಮೊಕೋಲಿನ ಕಾಫಿ ಲೋಟದ ಮೇಲೆ ಹೆಸರು ಬರೆದು, ಉಪಕರಣದ ಜೊತೆ ಚೀಲದಲ್ಲಿ ಕಟ್ಟಿ ಕೆಳಗೆ ಬಿಡುತ್ತಾರೆ. ಮೇಲೆ ಬರುವಾಗ ಲೋಟ ಮಕ್ಕಳ ಆಟದ ಸಾಮಾನಿನಷ್ಟು ಚಿಕ್ಕದಾಗಿರುತ್ತದೆ, ಬರೆದ ಅಕ್ಷರವೂ ಕುಗ್ಗಿರುತ್ತದೆ. ಅದರೊಳಗಿನ ಗಾಳಿ ಹಿಂಡಿಹೋಗಿರುತ್ತದೆ. ಆಳದ ಬಹುಪಾಲು ಪ್ರಾಣಿಗಳಲ್ಲಿ ಹಿಂಡುವುದಕ್ಕೆ ಗಾಳಿಯೇ ಇಲ್ಲ. ಮೈಯೆಲ್ಲ ನೀರು ಮತ್ತು ನೀರಿನಂಥದ್ದೇ ಮಾಂಸ. ಒಳಗೂ ಹೊರಗೂ ಒಂದೇ ಒತ್ತಡ. ಜಜ್ಜುವವರು ಯಾರು?”

“ಹಾಗಾದರೆ ಒತ್ತಡದಿಂದ ತೊಂದರೆಯೇ ಇಲ್ಲವೇ?”

“ಇದೆ, ಅಣುವಿನ ಮಟ್ಟದಲ್ಲಿ. ಪ್ರೋಟೀನು ಕೆಲಸ ಮಾಡಬೇಕಾದರೆ ಸರಿಯಾಗಿ ಮಡಿಚಿಕೊಂಡಿರಬೇಕು, ಬೇಕಾದಾಗ ಆಕಾರ ಬದಲಿಸಬೇಕು. ಭಾರೀ ಒತ್ತಡದಲ್ಲಿ ನೀರಿನ ಅಣುಗಳು ಆ ಮಡಿಕೆಗಳ ಸಂದಿಗೆ ನುಗ್ಗುತ್ತವೆ. ಅದನ್ನು ತಡೆಯಲು ಮೀನುಗಳು ಮೈತುಂಬ ಒಂದು ರಾಸಾಯನಿಕ ತುಂಬಿಕೊಂಡಿರುತ್ತವೆ: ಟ್ರೈಮೀಥೈಲಮೈನ್ ಆಕ್ಸೈಡ್. ಹೆಸರು ಉದ್ದ, ಆದರೆ ನಿನಗೆ ಪರಿಚಯದ್ದೇ. ಈಗ ನಿನ್ನ ಮೂಗಿನಲ್ಲೇ ಇದೆ.”

ಅಕ್ಕ ಕತ್ತಿ ನಿಲ್ಲಿಸಿದರು. “ನನ್ನ ಬಂಗುಡೆಗೆ ಏನಾಯಿತು?”

“ಏನೂ ಆಗಿಲ್ಲ. ಕಡಲ ಮೀನಿನ ಮೈಯಲ್ಲಿ ಇದು ಇದ್ದೇ ಇರುತ್ತದೆ, ಇದ್ದಾಗ ವಾಸನೆ ಇಲ್ಲ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾ ಅದನ್ನು ಟ್ರೈಮೀಥೈಲಮೈನ್ ಮಾಡುತ್ತವೆ. ಮೀನು ಮಾರ್ಕೆಟ್ಟಿನ ವಾಸನೆ ಅಂತ ನಾವು ಮೂಗು ಮುಚ್ಚುವುದು ಅದಕ್ಕೇ. ಕೆರೆ ಮೀನಿನಲ್ಲಿ ಇದು ಕಡಿಮೆ, ಅದಕ್ಕೇ ಆ ವಾಸನೆಯೂ ಕಡಿಮೆ.”

“ಲಿಂಬೆಹುಳಿ ಹಿಂಡಿದರೆ ಹೋಗುತ್ತದಲ್ಲ.”

“ಹುಳಿ ತಾಗಿದೊಡನೆ ಅದು ಉಪ್ಪಿನ ರೂಪಕ್ಕೆ ಬರುತ್ತದೆ, ಗಾಳಿಗೆ ಹಾರುವುದಿಲ್ಲ. ನೀನು ದಿನವೂ ಮಾಡುವುದು ಶುದ್ಧ ರಸಾಯನಶಾಸ್ತ್ರ.” ಮೇಷ್ಟ್ರು ಆಡಿಟರ ಕಡೆ ತಿರುಗಿದರು. “ಆಳಕ್ಕೆ ಹೋದಷ್ಟೂ ಮೀನಿನ ಮಾಂಸದಲ್ಲಿ ಇದರ ಪ್ರಮಾಣ ಏರುತ್ತಾ ಹೋಗುತ್ತದೆ. ಪಾಲ್ ಯಾನ್ಸಿ ಎಂಬ ವಿಜ್ಞಾನಿಯ ತಂಡ ನ್ಯೂಜಿಲೆಂಡಿನ ಉತ್ತರಕ್ಕಿರುವ ಕರ್ಮಡೆಕ್ ಕಂದರದಿಂದ, ಏಳು ಸಾವಿರ ಮೀಟರ್ ಆಳದಿಂದ, ಸ್ನೇಲ್‌ಫಿಶ್‌ಗಳನ್ನು ಹಿಡಿದು ಅಳೆಯಿತು. 2014ರಲ್ಲಿ ಅವರು ಹೇಳಿದ್ದು ಇದು: ಸಾಮಾನ್ಯವಾಗಿ ಮೀನಿನ ರಕ್ತ ಕಡಲ ನೀರಿಗಿಂತ ತೆಳು. ಈ ರಾಸಾಯನಿಕ ಏರುತ್ತಾ ಏರುತ್ತಾ ಸುಮಾರು 8,200 ಮೀಟರಿನಲ್ಲಿ ಮೀನಿನ ಒಳಗಿನ ಸಾಂದ್ರತೆ ಕಡಲಿನದಕ್ಕೆ ಸಮವಾಗುತ್ತದೆ. ಅದಕ್ಕೂ ಕೆಳಗೆ ಹೋದರೆ ಹೊರಗಿನ ನೀರು ಮೈಯೊಳಗೆ ನುಗ್ಗಲು ಶುರು. ಹಾಗಾಗಿ ಮೀನಿನ ಗಡಿ ಅಲ್ಲೇ ಎಲ್ಲೋ ಇರಬೇಕು.”

“ಕಾಗದದ ಮೇಲಿನ ಲೆಕ್ಕ.”

“ಆಡಿಟರಿಗೆ ಆಡಿಟ್ ಬೇಕು, ಅಲ್ಲವೇ? 2022ರಲ್ಲಿ ಜಪಾನಿನ ದಕ್ಷಿಣದ ಇಜು-ಒಗಸವಾರ ಕಂದರಕ್ಕೆ ಆಮಿಷ ಕಟ್ಟಿದ ಕ್ಯಾಮೆರಾ ಇಳಿಸಿದರು. 8,336 ಮೀಟರಿನಲ್ಲಿ ಒಂದು ಎಳೆಯ ಸ್ನೇಲ್‌ಫಿಶ್ ಅಡ್ಡಾಡಿ ಹೋಯಿತು. ಅದಕ್ಕಿಂತ ಆಳದಲ್ಲಿ ಕ್ಯಾಮೆರಾಗೆ ಸಿಕ್ಕ ಮೀನಿಲ್ಲ. ಲೆಕ್ಕಕ್ಕೂ ಕಣ್ಣಿಗೂ ಇದ್ದ ಅಂತರ ನೂರು ಚಿಲ್ಲರೆ ಮೀಟರ್.”

ಇಲ್ಲೊಂದು ಹಳೆಯ ಜಗಳ ನೆನಪಿಗೆ ಬರುತ್ತದೆ. 1960ರ ಜನವರಿ 23ರಂದು ಜಾಕ್ ಪಿಕಾರ್ ಮತ್ತು ಡಾನ್ ವಾಲ್ಷ್ ‘ಟ್ರಿಯೆಸ್ಟ್’ ಎಂಬ ನೌಕೆಯಲ್ಲಿ ಮರಿಯಾನಾ ಕಂದರದ ತಳ ಮುಟ್ಟಿದಾಗ, ಕಿಟಕಿಯಾಚೆ ಚಪ್ಪಟೆ ಮೀನೊಂದನ್ನು ಕಂಡೆವು ಎಂದಿದ್ದರು. ಹತ್ತೂ ಮುಕ್ಕಾಲು ಸಾವಿರ ಮೀಟರಿಗೂ ಕೆಳಗೆ! ಜಗತ್ತು ಆಗ ನಂಬಿತು. ಇಂದಿನ ಜೀವವಿಜ್ಞಾನಿಗಳು ನಂಬುವುದಿಲ್ಲ. ಅದು ಸಮುದ್ರಸೌತೆಯಂಥ ಯಾವುದೋ ಪ್ರಾಣಿ ಇದ್ದಿರಬೇಕು ಎನ್ನುತ್ತಾರೆ. ಅಷ್ಟು ಆಳದಲ್ಲಿ ಬೇರೆ ಪ್ರಾಣಿಗಳಿಗೇನೂ ಬರವಿಲ್ಲ. ಸಿಗಡಿಯ ದೂರದ ನೆಂಟರಾದ ಆಂಫಿಪಾಡ್‌ಗಳು ತಳದಲ್ಲೇ ಗುಂಪುಗುಂಪಾಗಿ ಇವೆ. ಮೂಳೆಯಿರುವ ಪ್ರಾಣಿಗೆ ಮಾತ್ರ ಆ ಮನೆ ಬಾಗಿಲು ಮುಚ್ಚಿದೆ.

ಸ್ನೇಲ್‌ಫಿಶ್‌ನ ವರ್ಣನೆ ಕೇಳಿ ಆಡಿಟರಿಗೆ ಮತ್ತೆ ನಿರಾಸೆ. ಜಗತ್ತಿನ ಅತಿ ಆಳದ ಮೀನಿಗೆ ಹಲ್ಲು ಮಸೆಯುವ ಬಾಯಿಲ್ಲ, ಕೋಲಿಲ್ಲ, ದೀಪವಿಲ್ಲ. ಮಾಸಲು ಗುಲಾಬಿ ಬಣ್ಣ, ಹುರುಪೆಯಿಲ್ಲದ ನುಣುಪು ಮೈ, ಚರ್ಮದಾಚೆ ಪಿತ್ತಜನಕಾಂಗ ಕಾಣುವಷ್ಟು ಪಾರದರ್ಶಕ. ಮರಿಯಾನಾ ಕಂದರದ ಜಾತಿಯಲ್ಲಿ ತಲೆಬುರುಡೆ ಪೂರ್ತಿ ಮುಚ್ಚಿಕೊಂಡಿಲ್ಲ, ಎಲುಬು ಅರ್ಧಕ್ಕರ್ಧ ಮೃದ್ವಸ್ಥಿ. 2019ರಲ್ಲಿ ಅದರ ಜೀನೋಮ್ ಓದಿದವರು ಎಲುಬಿಗೆ ಸುಣ್ಣ ಕಟ್ಟುವ ಜೀನೊಂದು ಅದರಲ್ಲಿ ಕೆಟ್ಟುಹೋಗಿರುವುದನ್ನು ಕಂಡರು. ಆ ಕಂದರದಲ್ಲಿ ಇದೇ ದೊಡ್ಡ ಬೇಟೆಗಾರ. ಆಂಫಿಪಾಡ್ ನುಂಗಿಕೊಂಡು ದುಂಡಗೆ ಹೊಟ್ಟೆ ತುಂಬಿಕೊಂಡಿರುತ್ತದೆ.

“ಕಷ್ಟ ಇರುವುದು ಮೇಲೆ ಬರುವಾಗ,” ಮೇಷ್ಟ್ರು ಮುಂದುವರಿಸಿದರು. “2003ರಲ್ಲಿ ನ್ಯೂಜಿಲೆಂಡ್ ಬಳಿ ಬಲೆಯಲ್ಲಿ ಸಿಕ್ಕ ಬ್ಲಾಬ್‌ಫಿಶ್ ಒಂದರ ಫೋಟೊ ನೋಡಿದ್ದೀಯಲ್ಲ? ಮೂಗು ಜೋತುಬಿದ್ದು ಅಳುವ ಮುದುಕನ ಹಾಗೆ. ಹತ್ತು ವರ್ಷದ ನಂತರ ಜನ ಓಟು ಹಾಕಿ ಅದನ್ನು ಜಗತ್ತಿನ ಅತಿ ಕುರೂಪಿ ಪ್ರಾಣಿ ಮಾಡಿದರು. ಅದರ ಸ್ವಂತ ಮನೆಯಲ್ಲಿ ಅದು ದಪ್ಪ ತಲೆಯ ಒಂದು ಸಾದಾ ಮೀನು. ಬಲೆಯಲ್ಲಿ ಎಳೆದು, ಒತ್ತಡ ಕಿತ್ತು, ಮೈ ಸಡಿಲಾಗಿ ಸತ್ತ ಮೇಲೆ ಫೋಟೊ ತೆಗೆದರೆ ಯಾರು ಚೆನ್ನಾಗಿ ಕಾಣುತ್ತಾರೆ?”

ಬ್ಲಾಬ್‌ಫಿಶ್‌ಗೆ ಆದದ್ದು ಅನ್ಯಾಯವೇ. ಒತ್ತಡ ಕಿತ್ತರೆ ಏನಾಗುತ್ತದೆ ಎಂಬ ವಿಷಯವನ್ನು 2024ರಲ್ಲಿ ಬಾಚಣಿಗೆ ಜೆಲ್ಲಿಗಳ ಮೇಲೆ ನಡೆದ ಕೆಲಸ ಇನ್ನೂ ಆಳಕ್ಕೆ ಒಯ್ದಿತು. ಕಡಲಾಳದ ಜೆಲ್ಲಿಗಳ ಜೀವಕೋಶದ ಪೊರೆಯಲ್ಲಿರುವ ಕೊಬ್ಬಿನ ಅಣುಗಳೇ ಬೇರೆ ಆಕಾರದವು. ಭಾರೀ ಒತ್ತಡ ಹಿಂಡಿದರೇ ಅವು ಸರಿಯಾಗಿ ಸಾಲುಗಟ್ಟುವುದು. ಒತ್ತಡ ತೆಗೆದರೆ ಪೊರೆ ನಿಲ್ಲದೆ ಪ್ರಾಣಿ ಕರಗಿಯೇ ಹೋಗುತ್ತದೆ. ಅಂದರೆ ನಾವು ‘ಪಾಪ, ಎಷ್ಟು ಒತ್ತಡ’ ಎಂದು ಮರುಗುವ ಒತ್ತಡ ಅದರ ಮೈಗೂಡಿನ ಭಾಗ.

ಆಡಿಟರ್ ಪಟ್ಟು ಬಿಡಲಿಲ್ಲ. “ಒತ್ತಡವೂ ಕಷ್ಟವಲ್ಲ, ಎರಡು ಮೂರು ಡಿಗ್ರಿಯ ಚಳಿಯೂ ಅಭ್ಯಾಸವಾಗಿದೆ ಅನ್ನಿ. ಹಾಗಾದರೆ ಅವುಗಳಿಗಿರುವ ನಿಜವಾದ ಕಷ್ಟ ಯಾವುದು?”

“ಹಸಿವು.”

“ಇಷ್ಟೇನಾ?”

“ಅಷ್ಟೇ. ಆಮೇಲೆ ಜೋಡಿ ಹುಡುಕುವುದು. ನಿನ್ನ ಕಣ್ಣಿಗೆ ವಿಕಾರ ಅನ್ನಿಸಿದ ಪ್ರತಿಯೊಂದು ಅಂಗದ ಹಿಂದೆಯೂ ಈ ಎರಡರಲ್ಲಿ ಒಂದು ಇದೆ. ನೀನು ಲೆಕ್ಕದವನು, ಆದಾಯ ನೋಡು. ಸೂರ್ಯನ ಬೆಳಕಿನಲ್ಲಿ ಸಸ್ಯಜೀವಿಗಳು ಬೆಳೆಯುವುದು ಮೇಲಿನ ನೂರಿನ್ನೂರು ಮೀಟರಿನಲ್ಲಿ. ಅಲ್ಲಿ ತಿಂದವರ ಹಿಕ್ಕೆ, ಸತ್ತವರ ಚೂರು, ಲೋಳೆ ಎಲ್ಲ ಸೇರಿ ಬಿಳಿ ಬಿಳಿಯಾಗಿ ಕೆಳಗೆ ಉದುರುತ್ತದೆ. ಕಡಲ ಹಿಮ ಅನ್ನುತ್ತಾರೆ. ಇಳಿಯುವಾಗ ದಾರಿಯುದ್ದಕ್ಕೂ ಅದನ್ನು ತಿನ್ನುವವರಿದ್ದಾರೆ. ನಾಲ್ಕು ಸಾವಿರ ಮೀಟರ್ ತಳ ಮುಟ್ಟುವಾಗ ಉಳಿಯುವುದು ನೂರಕ್ಕೆ ಒಂದೆರಡು ಪಾಲು. ಅದೂ ಅಣುಅಣುವಾಗಿ ಚದುರಿ.”

“ಅಂಥ ಆದಾಯದಲ್ಲಿ ಯಾವ ಕಂಪನಿಯೂ ನಡೆಯುವುದಿಲ್ಲ.”

“ಖರ್ಚು ತಗ್ಗಿಸಿದರೆ ನಡೆಯುತ್ತದೆ. ವ್ಯಾಂಪೈರ್ ಸ್ಕ್ವಿಡ್ ಅಂತ ಒಂದಿದೆ. ಲ್ಯಾಟಿನ್ ಹೆಸರೇ ‘ನರಕದ ರಕ್ತಪಿಶಾಚಿ ಸ್ಕ್ವಿಡ್’. ಕೆಂಗಪ್ಪು ಮೈ, ತೋಳುಗಳ ನಡುವೆ ಕೊಡೆಯಂಥ ಚರ್ಮ. ಅದು ಯಾರ ರಕ್ತವನ್ನೂ ಕುಡಿಯುವುದಿಲ್ಲ. ಏನು ತಿನ್ನುತ್ತದೆ ಅಂತ 2012ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರಿ ಸಂಶೋಧನಾಲಯದವರು ಕಂಡುಕೊಂಡರು. ದಾರದಂಥ ಎರಡು ತಂತುಗಳಿವೆ ಅದಕ್ಕೆ. ಅದರಲ್ಲೊಂದನ್ನು ನೀರಿನಲ್ಲಿ ಉದ್ದಕ್ಕೆ ಬಿಟ್ಟು, ಅಂಟಿದ ಕಡಲ ಹಿಮವನ್ನು ಎಳೆದುಕೊಂಡು, ಲೋಳೆಯಲ್ಲಿ ಉಂಡೆ ಕಟ್ಟಿ ನುಂಗುತ್ತದೆ. ಬೇರೆ ಬೇಟೆಗಾರರು ಉಸಿರು ಕಟ್ಟಿ ಓಡುವಷ್ಟು ಕಡಿಮೆ ಆಮ್ಲಜನಕ ಇರುವ ಪಟ್ಟಿಯಲ್ಲಿ ತೇಲುತ್ತ ಇರುತ್ತದೆ. ನಮ್ಮ ಅರಬ್ಬಿ ಸಮುದ್ರದಲ್ಲಿಯೂ ಅಂಥ ಪಟ್ಟಿ ಇದೆ, ಜಗತ್ತಿನಲ್ಲೇ ಬಹಳ ದಪ್ಪನೆಯವುಗಳಲ್ಲಿ ಒಂದು.”

“ಜಗಳಕ್ಕೆ ಯಾರೂ ಬರದ ಕಡೆ ಮನೆ ಕಟ್ಟಿಕೊಂಡಿದೆ ಅನ್ನಿ,” ಅಕ್ಕ ಒಪ್ಪಿಗೆ ಕೊಟ್ಟರು.

ಇನ್ನೊಂದು ಉಪಾಯ ಸಿಕ್ಕಾಗ ಸಿಕ್ಕಷ್ಟು ನುಂಗುವುದು. 2007ರಲ್ಲಿ ಕೆರಿಬಿಯನ್ನಿನ ಕೇಮನ್ ದ್ವೀಪದ ಬಳಿ ತೇಲಿ ಬಂದ ‘ಕಪ್ಪು ನುಂಗುಕ’ ಎಂಬ ಮೀನಿನ ಉದ್ದ ಸುಮಾರು 19 ಸೆಂಟಿಮೀಟರ್; ಅದರ ಹೊಟ್ಟೆಯೊಳಗೆ ಸುತ್ತಿಕೊಂಡಿದ್ದ ಮೀನಿನ ಉದ್ದ 86. ಜೀರ್ಣವಾಗುವ ಮೊದಲೇ ಒಳಗಿನದು ಕೊಳೆತು ಅನಿಲ ತುಂಬಿ ಎರಡೂ ಒಟ್ಟಿಗೆ ಮೇಲೆ ಬಂದಿದ್ದವು. ದುರಾಸೆ ಎನ್ನಬಹುದು. ಆದರೆ ಮುಂದಿನ ಊಟ ತಿಂಗಳುಗಟ್ಟಲೆ ಸಿಗದಿದ್ದರೆ ಯಾರು ಬಿಡುತ್ತಾರೆ?

ಉಪವಾಸದ ದಾಖಲೆಯೂ ಉಂಟು. ಜಪಾನಿನ ಟೋಬಾ ಅಕ್ವೇರಿಯಮ್ಮಿನಲ್ಲಿ ಮೆಕ್ಸಿಕೊ ಕಡೆಯಿಂದ ತಂದಿದ್ದ ದೈತ್ಯ ಐಸೊಪಾಡ್ ಇತ್ತು. ಮಳೆಗಾಲದಲ್ಲಿ ಕಲ್ಲಿನಡಿ ಮುದುಡಿಕೊಳ್ಳುವ ಸಣ್ಣ ಹುಳದ ಕುಲದ್ದೇ, ಆದರೆ ಮೊಣಕೈಯಿಂದ ಮಣಿಕಟ್ಟಿನಷ್ಟು ಉದ್ದ. 2009ರ ಜನವರಿಯಲ್ಲಿ ಒಂದು ಮೀನು ತಿಂದದ್ದು, 2014ರ ಫೆಬ್ರುವರಿಯಲ್ಲಿ ಸಾಯುವ ತನಕ ಮತ್ತೆ ಬಾಯಿ ತೆರೆಯಲಿಲ್ಲ. ಪಾಲಕರು ಬಗೆಬಗೆಯ ಮೀನು ಒಡ್ಡಿ ಸೋತರು.

“ಆದರೆ ಎಲ್ಲವೂ ಹಸಿವಿಗೇ ಸಂಬಂಧಿಸಿದ್ದು ಅಂದರೆ ನಾನು ತುಸು ಹೆಚ್ಚಾಗಿ ಹೇಳಿದ ಹಾಗಾಗುತ್ತದೆ,” ಎಂದರು ಮೇಷ್ಟ್ರು. “ಜೇಮ್ಸ್ ಚೈಲ್ಡ್ರೆಸ್ ಅಂತ ಒಬ್ಬರ ವಾದ ಬೇರೆ. ಆಳದ ಮೀನು ಸೋಮಾರಿಯಾಗಿರುವುದು ಊಟ ಕಡಿಮೆ ಅಂತಲ್ಲ, ಅಲ್ಲಿ ಯಾರೂ ಯಾರನ್ನೂ ದೂರದಿಂದ ನೋಡಲಾರರು ಅಂತ. ಬೆಳಕಿದ್ದರೆ ಹುಲಿ ಕಂಡ ಜಿಂಕೆ ಓಡಬೇಕು, ಕಾಲಿನಲ್ಲಿ ಕಸುವಿರಬೇಕು. ಕತ್ತಲಲ್ಲಿ ಎದುರಾಳಿ ಕಾಣುವುದು ಒಂದೆರಡು ಮೀಟರ್ ಹತ್ತಿರ ಬಂದ ಮೇಲೆ. ಅಷ್ಟಕ್ಕೆ ದುಬಾರಿ ಮಾಂಸಖಂಡ ಯಾಕೆ? ಕಣ್ಣಿಲ್ಲದ ಜೆಲ್ಲಿಗಳನ್ನು ಅಳೆದು ನೋಡಿದರೆ, ಆಳಕ್ಕೆ ಹೋದರೂ ಅವುಗಳ ಜೀವಕ್ರಿಯೆ ಮೀನಿನಷ್ಟು ತಗ್ಗುವುದಿಲ್ಲ. ಅವು ಮೊದಲಿಂದಲೂ ನೋಡಿ ಓಡಿದವರಲ್ಲ. ಈ ವಾದಕ್ಕೆ ನನ್ನ ಓಟು ಅರ್ಧ.”

ಊಟಕ್ಕಾಗಿ ಪ್ರಯಾಣ ಮಾಡುವವರೂ ಇದ್ದಾರೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಸೋನಾರ್ ನಡೆಸುತ್ತಿದ್ದವರಿಗೆ ಕಡಲಿನಲ್ಲಿ ಸುಳ್ಳು ತಳವೊಂದು ಕಾಣುತ್ತಿತ್ತು: ಹಗಲು ಮುನ್ನೂರು, ನಾನೂರು ಮೀಟರ್ ಕೆಳಗೆ, ಸಂಜೆಯಾದರೆ ಮೇಲೇರುವುದು, ಬೆಳಗಾದರೆ ಇಳಿಯುವುದು. ನೆಲ ಓಡಾಡುವುದಿಲ್ಲವಲ್ಲ! ಅದು ಲಾಂಟರ್ನ್ ಮೀನು, ಸಿಗಡಿ, ಸ್ಕ್ವಿಡ್‌ಗಳ ದಟ್ಟಣೆ. ರಾತ್ರಿ ಮೇಲೆ ಬಂದು ತಿಂದು, ಬೆಳಕು ಹರಿಯುವ ಮೊದಲು ಕತ್ತಲಿಗೆ ಓಡುತ್ತವೆ. ಜಗತ್ತಿನ ಅತಿ ದೊಡ್ಡ ಪ್ರಾಣಿವಲಸೆ ಪ್ರತಿದಿನ ನಡೆಯುವುದು ಹೀಗೆ.

“ದೀಪದ ವಿಷಯ ಬಿಟ್ಟೇಬಿಟ್ಟಿರಿ,” ಆಡಿಟರ್ ಜ್ಞಾಪಿಸಿದರು. “ಕತ್ತಲಲ್ಲಿ ಓಡಾಡುವವರು ದೀಪ ಹಚ್ಚಿಕೊಂಡರೆ ಕಳ್ಳನಿಗೆ ದಾರಿ ತೋರಿಸಿದ ಹಾಗಲ್ಲವೇ?”

“ಆ ಭಯ ಎಲ್ಲರಿಗೂ ಇದೆ. ಹಾಗಿದ್ದೂ 2017ರಲ್ಲಿ ಮಾಂಟೆರಿಯವರು ತಮ್ಮ ವರ್ಷಾನುವರ್ಷದ ವಿಡಿಯೊಗಳನ್ನು ಎಣಿಸಿದಾಗ, ನೀರಿನ ನಡುವೆ ಬದುಕುವ ಪ್ರಾಣಿಗಳಲ್ಲಿ ನಾಲ್ಕರಲ್ಲಿ ಮೂರು ಬೆಳಕು ಹೊಮ್ಮಿಸುವಂಥವು. ಕೆಲವರಿಗೆ ದೀಪ ಗಾಳ. ಹ್ಯಾಚೆಟ್ ಮೀನಿಗೆ ಅದು ಮರೆ: ಮೇಲಿಂದ ಬರುವ ಮಂದ ಬೆಳಕಿನಷ್ಟೇ ಬೆಳಕನ್ನು ಹೊಟ್ಟೆಯ ಅಡಿಯಿಂದ ಬಿಟ್ಟು ಕೆಳಗಿನವರಿಗೆ ತನ್ನ ನೆರಳು ಕಾಣದ ಹಾಗೆ ಮಾಡುತ್ತದೆ. ಇತರರ ದೀಪದ ಬೆಳಕಿನಲ್ಲಿ ಕಾಣದಿರಲು ಕೆಲವರು ಕಪ್ಪಾದರು. ಕ್ಯಾರೆನ್ ಓಸ್ಬೋರ್ನ್ ಎಂಬ ವಿಜ್ಞಾನಿ ಹಡಗಿನಲ್ಲಿ ಒಂದು ಕಪ್ಪು ಮೀನಿನ ಫೋಟೊ ತೆಗೆಯಲು ಒದ್ದಾಡಿದರು. ಎಷ್ಟು ಬೆಳಕು ಹಾಕಿದರೂ ಬರಿಯ ಆಕೃತಿ. ಆ ಒದ್ದಾಟದಿಂದಲೇ 2020ರ ಸಂಶೋಧನೆ ಹುಟ್ಟಿತು. ಹದಿನಾರು ಜಾತಿಯ ಮೀನುಗಳ ಚರ್ಮ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ ಅರ್ಧದಷ್ಟನ್ನೂ ಹಿಂದೆ ಕೊಡುವುದಿಲ್ಲ.”

“ಹಾಗಾದರೆ ಕೆಂಪು ಬಣ್ಣದವರ ಗತಿ?”

“ಅವರೂ ಸುರಕ್ಷಿತ. ಕೆಂಪು ಬೆಳಕು ಆಳಕ್ಕೆ ಇಳಿಯುವುದೇ ಇಲ್ಲ, ಬಹುತೇಕ ಕಣ್ಣುಗಳಿಗೆ ನೀಲಿ ಬಿಟ್ಟು ಬೇರೆ ಕಾಣುವುದಿಲ್ಲ. ಕೆಂಪು ಸಿಗಡಿ ಅಲ್ಲಿ ಕಪ್ಪು ಸಿಗಡಿ. ಕೆಲವೇ ಕೆಲವರಿಗೆ ಮಾತ್ರ ಕಾಣುತ್ತದೆ. ಮಲಾಕೊಸ್ಟಿಯಸ್ ಎಂಬ ಡ್ರ್ಯಾಗನ್ ಮೀನು ಕಣ್ಣಿನ ಕೆಳಗಿನಿಂದ ಕೆಂಪು ಬೆಳಕು ಬಿಡುತ್ತದೆ, ಅದನ್ನು ಕಾಣಲು ಕಣ್ಣಿನಲ್ಲಿ ಪತ್ರಹರಿತ್ತಿನಿಂದ ಬಂದ ವರ್ಣದ್ರವ್ಯ ಇಟ್ಟುಕೊಂಡಿದೆ. ಬೇರೆ ಬಹುತೇಕರಿಗೆ ಕಾಣದ ಟಾರ್ಚು.”

ಅಕ್ಕ ಕೈ ತೊಳೆದು ಬಂದು ಕೂತರು. ಅವರಿಗೆ ಬೇಕಾದದ್ದು ಬೇರೆ ಕತೆ. “ಮದುವೆ ವಿಷಯ ಅಂದೆಯಲ್ಲ, ಅದು ಏನು?”

“1922ರಲ್ಲಿ ಐಸ್‌ಲ್ಯಾಂಡಿನ ಬ್ಯಾರ್ನಿ ಸೈಮಂಡ್ಸನ್ ಎಂಬವರಿಗೆ ದೊಡ್ಡ ಆಂಗ್ಲರ್ ಹೆಣ್ಣೊಂದು ಸಿಕ್ಕಿತು. ಹೊಟ್ಟೆಗೆ ಎರಡು ಪುಟ್ಟ ಮೀನು ಮೂತಿ ಕಚ್ಚಿಕೊಂಡಿದ್ದವು. ಮರಿಗಳಿರಬೇಕು ಅಂದುಕೊಂಡರು. ಮೂರು ವರ್ಷದ ಮೇಲೆ ಲಂಡನ್ನಿನಲ್ಲಿ ಚಾರ್ಲ್ಸ್ ಟೇಟ್ ರೀಗನ್ ಅಂಥದ್ದೇ ಒಂದನ್ನು ಕೊಯ್ದು ನೋಡಿದರು. ಮರಿಯಲ್ಲ, ಗಂಡ. ತುಟಿ ಹೆಂಡತಿಯ ಚರ್ಮದಲ್ಲಿ ಕರಗಿಹೋಗಿದೆ, ರಕ್ತನಾಳ ಸೇರಿಹೋಗಿದೆ. ಅವಳ ರಕ್ತವೇ ಇವನ ಊಟ.”

“ದುಡಿಯುವವಳು ಅವಳು, ಕೂತು ತಿನ್ನುವವನು ಇವನು.”

“ಅಕ್ಕ, ಕತ್ತಲ ಕಡಲಲ್ಲಿ ಒಂದು ಹೆಣ್ಣು ಸಿಕ್ಕರೆ ಮತ್ತೊಮ್ಮೆ ಸಿಗುವ ಖಾತ್ರಿ ಇಲ್ಲ. ಸಿಕ್ಕಾಗ ಕಚ್ಚಿಕೊಂಡವನಿಗೆ ಸಂತಾನ. ಎಲ್ಲ ಆಂಗ್ಲರ್ ಜಾತಿಗಳಲ್ಲಿ ಹೀಗಿಲ್ಲ. ಆಡಿಟರ ಫೋನಿನಲ್ಲಿದೆಯಲ್ಲ, ಆ ಕುಲದ ಗಂಡು ಸ್ವಲ್ಪ ಹೊತ್ತು ಅಂಟಿಕೊಂಡು ಬಿಟ್ಟುಹೋಗುತ್ತದೆ. ಆಶ್ಚರ್ಯ ಇರುವುದು ಬೇರೆ ಕಡೆ. ಒಬ್ಬರ ಕಿಡ್ನಿ ಇನ್ನೊಬ್ಬರಿಗೆ ಹಾಕಿದರೆ ಮೈ ತಿರಸ್ಕರಿಸುತ್ತದೆ, ಜೀವಮಾನವಿಡೀ ಮಾತ್ರೆ ನುಂಗಬೇಕು. ಇವು ಇಡೀ ದೇಹವನ್ನೇ ಕಸಿ ಮಾಡಿಕೊಂಡಿವೆ. 2020ರಲ್ಲಿ ಅವುಗಳ ಜೀನೋಮ್ ನೋಡಿದಾಗ ಕಾರಣ ತಿಳಿಯಿತು: ಕಾಯಮ್ಮಾಗಿ ಬೆಸೆದುಕೊಳ್ಳುವ ಜಾತಿಗಳು ಪ್ರತಿಕಾಯ ತಯಾರಿಸುವ ವ್ಯವಸ್ಥೆಯ ಮುಖ್ಯ ಜೀನುಗಳನ್ನೇ ಕಳೆದುಕೊಂಡಿವೆ. ನಮ್ಮಲ್ಲಿ ಹಾಗಾದರೆ ಮಗು ಉಳಿಯುವುದಿಲ್ಲ.”

ಅಕ್ಕನಿಗೆ ಗಂಡಿನ ಕತೆ ಅಷ್ಟೇನೂ ಹಿಡಿಸಿದಂತೆ ಕಾಣಲಿಲ್ಲ. ಅದಕ್ಕೋ ಏನೋ ಮೇಷ್ಟ್ರು ತಾಯಿಯೊಬ್ಬಳ ಕತೆಗೆ ಬಂದರು. ಅದನ್ನು ಅವರು ನಿಧಾನವಾಗಿ ಹೇಳಿದರು.

ಮಾಂಟೆರಿ ಕಂದರದಲ್ಲಿ, ಸುಮಾರು 1,400 ಮೀಟರ್ ಆಳದಲ್ಲಿ, ಒಂದು ಬಂಡೆ. ಸಂಶೋಧಕರು ಯಂತ್ರವನ್ನು ಆಗಾಗ ಅಲ್ಲಿಗೆ ಇಳಿಸುತ್ತಿದ್ದರು. 2007ರ ವಸಂತದಲ್ಲಿ ಆ ಬಂಡೆಯ ಕಡೆ ಹೆಣ್ಣು ಅಷ್ಟಪದಿಯೊಂದು ತೆವಳುತ್ತಿತ್ತು. ಮೈಮೇಲೆ ಗುರುತು ಹಿಡಿಯಬಹುದಾದ ಗಾಯದ ಕಲೆಗಳಿದ್ದವು. ಮುಂದಿನ ಸಲ ಹೋದಾಗ ಅದೇ ಹೆಣ್ಣು ಬಂಡೆಯ ಮುಖಕ್ಕೆ ಅಂಟಿ ಕೂತಿತ್ತು, ತೋಳುಗಳ ಕೆಳಗೆ ಮೊಟ್ಟೆ. ಆಮೇಲೆ ಹೋದಾಗಲೂ ಅಲ್ಲೇ. ಮರುವರ್ಷವೂ ಅಲ್ಲೇ. ಮೂರು ಡಿಗ್ರಿಯ ನೀರಿನಲ್ಲಿ ಭ್ರೂಣ ಬೆಳೆಯುವುದು ಆಮೆಗತಿಯಲ್ಲಿ. ಅವಳು ಮೊಟ್ಟೆಗಳ ಮೇಲೆ ಹೂಳು ಕೂರದಂತೆ ನೀರು ಹಾಯಿಸಬೇಕು, ಹತ್ತಿರ ಸುಳಿಯುವ ಏಡಿ, ಸಿಗಡಿಗಳನ್ನು ದೂಡಬೇಕು. ಯಂತ್ರದ ಕೈಯಿಂದ ಏಡಿಯ ಚೂರು ಕೊಟ್ಟು ನೋಡಿದರು; ಮುಟ್ಟಲಿಲ್ಲ. ಅವಳು ಏನಾದರೂ ತಿನ್ನುವುದನ್ನು ಒಮ್ಮೆಯೂ ಕಾಣಲಿಲ್ಲ. ನಸುನೇರಳೆ ಮೈ ಬಿಳಿಚಿತು, ಚರ್ಮ ಸಡಿಲವಾಯಿತು, ಕಣ್ಣು ಮಂಜಾದವು. ಮೊಟ್ಟೆ ಮಾತ್ರ ದೊಡ್ಡದಾಗುತ್ತ ಹೋದವು. 2011ರ ಸೆಪ್ಟೆಂಬರಿನಲ್ಲಿ ಕೊನೆಯ ಬಾರಿ ಕಂಡಳು. ಅಕ್ಟೋಬರಿನಲ್ಲಿ ಹೋದಾಗ ಅವಳಿರಲಿಲ್ಲ. ಬಂಡೆಯ ಮೇಲೆ ಒಡೆದು ಖಾಲಿಯಾದ ಮೊಟ್ಟೆಚೀಲಗಳು. ಎಣಿಸಿದರೆ ಸುಮಾರು ನೂರ ಅರವತ್ತು.

“ಎಷ್ಟು ತಿಂಗಳಾಯಿತು?” ಆಡಿಟರ್ ಕೇಳಿದರು.

“ಐವತ್ತಮೂರು. ಯಾವ ಪ್ರಾಣಿಯೂ ಇಷ್ಟು ಕಾಲ ಮೊಟ್ಟೆ ಕಾದದ್ದು ದಾಖಲಾಗಿಲ್ಲ.”

“ಆಳ್ವಾಸ್ ಕಾಲೇಜಿನಲ್ಲಿ ಡಿಗ್ರಿ ಮುಗಿಸಿ ಎಂ.ಎಸ್ಸಿ.ಗೂ ಸೇರಬಹುದಿತ್ತು ಮಕ್ಕಳು,” ಎಂದರು ಅಕ್ಕ. ಸ್ವಲ್ಪ ಹೊತ್ತಿನ ಮೇಲೆ, “ಆದರೆ ಹುಟ್ಟಿದ ಮಕ್ಕಳು ಗಟ್ಟಿಯಾಗಿರುತ್ತವೆ ಅಲ್ಲವೇ?” ಎಂದು ಕೇಳಿದರು. ಅದೇ ಅದರ ಲಾಭ. ದೀರ್ಘಕಾಲ ಮೊಟ್ಟೆಯಲ್ಲಿದ್ದ ಮರಿ ಹೊರಬರುವಾಗಲೇ ಸ್ವಂತ ಬೇಟೆಯಾಡುವಷ್ಟು ಬೆಳೆದಿರುತ್ತದೆ.

ಇಷ್ಟೊತ್ತೂ ಬರಗಾಲದ ಲೆಕ್ಕ ಕೇಳಿದ ಆಡಿಟರಿಗೆ ಒಂದು ಅನುಮಾನ ಹುಟ್ಟಿತು. “ಅಲ್ಲಿ ಸಮೃದ್ಧಿಯ ಊರು ಒಂದೂ ಇಲ್ಲವೇ?”

“ಇದೆ. ಸೂರ್ಯನ ಹಂಗಿಲ್ಲದ ಊರು. 1977ರಲ್ಲಿ ಗಲಾಪಗೋಸ್ ಬಳಿ, 2,500 ಮೀಟರ್ ಆಳದಲ್ಲಿ, ಭೂವಿಜ್ಞಾನಿಗಳು ‘ಆಲ್ವಿನ್’ ನೌಕೆಯಲ್ಲಿ ಬಿಸಿನೀರಿನ ಬುಗ್ಗೆ ಹುಡುಕಲು ಹೋದರು. ಬುಗ್ಗೆಯ ಸುತ್ತ ಪ್ರಾಣಿಗಳ ಜಾತ್ರೆ! ತಂಡದಲ್ಲಿ ಒಬ್ಬ ಜೀವವಿಜ್ಞಾನಿಯೂ ಇರಲಿಲ್ಲ, ಮಾದರಿ ಕಾಪಾಡಲು ಸಾಕಷ್ಟು ಫಾರ್ಮಲಿನ್ ಇರಲಿಲ್ಲ. ಕೆಲವನ್ನು ವೋಡ್ಕಾದಲ್ಲಿ ಹಾಕಿಟ್ಟರು.”

“ಲೆಕ್ಕದಲ್ಲಿ ಅದನ್ನು ಯಾವ ಖಾತೆಗೆ ಬರೆದರೋ!”

ಅಲ್ಲಿ ಕಂಡ ದೈತ್ಯ ಕೊಳವೆಹುಳು ಎರಡು ಮೀಟರ್ ಎತ್ತರ, ತುದಿಯಲ್ಲಿ ರಕ್ತಗೆಂಪು ಗರಿ. ಬಾಯಿಲ್ಲ, ಕರುಳಿಲ್ಲ, ಗುದದ್ವಾರವೂ ಇಲ್ಲ. ಹಾಗಾದರೆ ತಿನ್ನುವುದು ಹೇಗೆ? 1980ರಲ್ಲಿ ಹಾರ್ವರ್ಡಿನಲ್ಲಿ ಮೆರೆಡಿತ್ ಜೋನ್ಸ್ ಉಪನ್ಯಾಸ ಮಾಡುತ್ತ, ಹುಳದ ಮೈಯೊಳಗೆ ಗಂಧಕದ ಹರಳುಗಳಿವೆ ಎಂದಾಗ, ವಿದ್ಯಾರ್ಥಿನಿ ಕಾಲೀನ್ ಕ್ಯಾವನಾ ಎದ್ದು ನಿಂತು, ಹಾಗಿದ್ದರೆ ಒಳಗೆ ಗಂಧಕದಿಂದ ಶಕ್ತಿ ಪಡೆಯುವ ಬ್ಯಾಕ್ಟೀರಿಯಾ ಇರಲೇಬೇಕು ಎಂದರು. ಇದ್ದವು. ಹುಳ ತನ್ನ ಕೆಂಪು ಗರಿಯಿಂದ ಹೈಡ್ರೋಜನ್ ಸಲ್ಫೈಡನ್ನೂ ಆಮ್ಲಜನಕವನ್ನೂ ಹೀರಿ ಒಳಗಿನ ಬಾಡಿಗೆದಾರರಿಗೆ ಕೊಡುತ್ತದೆ, ಅವು ಬಾಡಿಗೆಯಾಗಿ ಸಕ್ಕರೆ ಕೊಡುತ್ತವೆ.

“ಊಟ ಹೇರಳವಾಗಿದ್ದರೆ ಆಳದಲ್ಲೂ ಅವಸರ ಇರುತ್ತದೆ,” ಎಂದರು ಮೇಷ್ಟ್ರು. “1991ರಲ್ಲಿ ಪೂರ್ವ ಪೆಸಿಫಿಕ್ಕಿನ ತಳದಲ್ಲಿ ಜ್ವಾಲಾಮುಖಿ ಉಕ್ಕಿ ಒಂದು ಬುಗ್ಗೆಯ ಊರು ಸುಟ್ಟುಹೋಯಿತು. 1993ರ ಕೊನೆಗೆ ಹೋಗಿ ನೋಡಿದರೆ ಹೊಸ ಕೊಳವೆಹುಳುಗಳು ಆಳೆತ್ತರ. ಅದೇ ಮೆಕ್ಸಿಕೊ ಕೊಲ್ಲಿಯಲ್ಲಿ, ಅನಿಲ ತಣ್ಣಗೆ ಜಿನುಗುವ ಕಡೆ, ಈ ಹುಳದ ದಾಯಾದಿಗಳು ಎರಡು ಮೀಟರ್ ಬೆಳೆಯಲು ನೂರ ಎಪ್ಪತ್ತು ವರ್ಷಕ್ಕೂ ಹೆಚ್ಚು ತೆಗೆದುಕೊಳ್ಳುತ್ತವೆ. ಕತ್ತಲೆ ಎರಡೂ ಕಡೆ ಒಂದೇ. ಮುಖ್ಯವಾಗಿ ಬೇರೆಯಾದದ್ದು ಊಟ.”

“ಇಂಥ ಬುಗ್ಗೆ ನಮ್ಮ ಕಡೆ?”

“ಹಿಂದೂ ಮಹಾಸಾಗರದ ನಡುವಿನ ದಿಬ್ಬಗಳ ಸಾಲಿನಲ್ಲಿವೆ. 2001ರಲ್ಲಿ ಕೈರೇ ಎಂಬ ಬುಗ್ಗೆಯ ಬಳಿ ಸಿಕ್ಕ ಬಸವನಹುಳುವಿನ ಪಾದದ ತುಂಬ ಹುರುಪೆ, ಹುರುಪೆಯ ಮೇಲೆ ಕಬ್ಬಿಣದ ಸಲ್ಫೈಡಿನ ಲೇಪ. ಕಬ್ಬಿಣದ ಕವಚ ತೊಟ್ಟ ಪ್ರಾಣಿ ಬೇರೊಂದಿಲ್ಲ. ಅದೇ ಜಾತಿ ಸಾಲಿಟೇರ್ ಎಂಬ ಇನ್ನೊಂದು ಬುಗ್ಗೆಯಲ್ಲಿ ಬೆಳ್ಳಗಿದೆ, ಅಲ್ಲಿನ ನೀರಿನಲ್ಲಿ ಕಬ್ಬಿಣ ಕಡಿಮೆ. 2019ರಲ್ಲಿ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. ಕಡಲಾಳದ ಗಣಿಗಾರಿಕೆಯ ಭೀತಿಯಿಂದ ಆ ಪಟ್ಟಿ ಸೇರಿದ ಮೊದಲ ಜೀವಿ ಅದು.”

ಗಣಿ ಎಂದೊಡನೆ ಆಡಿಟರ್ ನೆಟ್ಟಗೆ ಕೂತರು. ಭಾರತಕ್ಕೆ ಈ ದಿಬ್ಬಗಳ ಸಾಲಿನಲ್ಲಿ ಸಲ್ಫೈಡ್ ಅದಿರು ಹುಡುಕಲು 2016ರಲ್ಲಿ 10,000 ಚದರ ಕಿಲೋಮೀಟರ್, ಮಧ್ಯ ಹಿಂದೂ ಮಹಾಸಾಗರದ ತಳದಲ್ಲಿ ಬಹುಲೋಹದ ಗಂಟುಗಳನ್ನು ಹುಡುಕಲು 75,000 ಚದರ ಕಿಲೋಮೀಟರ್ ಒಪ್ಪಂದದಲ್ಲಿ ಸಿಕ್ಕಿದೆ. ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಮೂವರನ್ನು ಆರು ಸಾವಿರ ಮೀಟರ್ ಆಳಕ್ಕೆ ಒಯ್ಯುವ ‘ಮತ್ಸ್ಯ 6000’ ನೌಕೆ ಕಟ್ಟುತ್ತಿದೆ. “ನಿಕ್ಕಲ್, ಕೋಬಾಲ್ಟ್ ಬೇಡವೇ ಸಾರ್? ಬ್ಯಾಟರಿಗೆ ಬೇಕು. ನೆಲದ ಮೇಲೆ ಅಗೆದರೆ ಕಾಡು ಹೋಗುತ್ತದೆ, ಊರು ಹೋಗುತ್ತದೆ. ಅಲ್ಲಿ ಯಾರಿದ್ದಾರೆ?”

“ಬೇಡ ಅನ್ನುವಷ್ಟು ಧೈರ್ಯ ನನಗಿಲ್ಲ. ಕುದುರೆಮುಖ ನೋಡಿದವನು ನಾನು, ನೆಲದ ಗಣಿಯ ಗುಣ ಗೊತ್ತು. ಆದರೆ ನಿನ್ನ ‘ಯಾರಿದ್ದಾರೆ’ ಅನ್ನುವುದಕ್ಕೆ ಉತ್ತರ ಇದೆ. ಆ ಗಂಟುಗಳು ಹತ್ತು ಲಕ್ಷ ವರ್ಷಕ್ಕೆ ಕೆಲವು ಮಿಲಿಮೀಟರ್ ಬೆಳೆಯುತ್ತವೆ. ಸುತ್ತ ಎಲ್ಲ ಮೆತ್ತನೆ ಕೆಸರು. ಗಟ್ಟಿ ಜಾಗ ಅಂದರೆ ಇವೇ. ಸ್ಪಂಜುಗಳು ಇವುಗಳ ಮೇಲೆ ಬೇರೂರುತ್ತವೆ. ಪೆರುವಿನ ಕಡೆ ನೋಡಿ 2016ರಲ್ಲಿ ಪ್ರಕಟಿಸಿದ್ದು: ಬಿಳಿಯ ಅಷ್ಟಪದಿಯೊಂದು, ನಾಲ್ಕು ಸಾವಿರ ಮೀಟರಿಗೂ ಕೆಳಗೆ, ಸತ್ತ ಸ್ಪಂಜಿನ ಕಾಂಡಕ್ಕೆ ಮೊಟ್ಟೆ ಅಂಟಿಸಿ ಕಾವಲು ಕೂತಿರುತ್ತದೆ. ಗಂಟು ತೆಗೆದರೆ ಸ್ಪಂಜಿಲ್ಲ, ಸ್ಪಂಜಿಲ್ಲದಿದ್ದರೆ ಮೊಟ್ಟೆ ಇಡಲು ಜಾಗವಿಲ್ಲ.”

“ಮತ್ತೆ ಬೆಳೆಯುವುದಿಲ್ಲವೇ? ಕಾಡು ಬೆಳೆಯುತ್ತದೆ.”

“ಅದೇ ಪೆರು ಕಡಲಿನಲ್ಲಿ ಜರ್ಮನ್ ವಿಜ್ಞಾನಿಗಳು 1989ರಲ್ಲಿ ಪ್ರಯೋಗಕ್ಕೆಂದು ತಳವನ್ನು ನೇಗಿಲಿನಂಥ ಸಾಧನದಿಂದ ಉತ್ತರು. 2015ರಲ್ಲಿ ಹೋಗಿ ನೋಡಿದರೆ ಸಾಲುಗಳು ನಿನ್ನೆ ಉತ್ತಂತೆ ಹಾಗೇ ಇದ್ದವು. ಸೂಕ್ಷ್ಮಜೀವಿಗಳೂ ಮೊದಲಿನ ಸ್ಥಿತಿಗೆ ಬಂದಿರಲಿಲ್ಲ. ಆದಾಯ ಕಡಿಮೆ ಇರುವ ಮನೆಗೆ ನಷ್ಟ ತುಂಬಿಕೊಳ್ಳಲು ಎಷ್ಟು ವರ್ಷ ಬೇಕು ಅಂತ ನಿನಗೆ ನಾನು ಹೇಳಬೇಕೇ?”

ಆಡಿಟರ್ ಸುಲಭಕ್ಕೆ ಒಪ್ಪುವವರಲ್ಲ. ಯಾರೂ ಅಗೆಯದಿದ್ದರೆ ಸರಿ, ಬೇರೆ ದೇಶ ಅಗೆದು ನಾವು ಸುಮ್ಮನಿದ್ದರೆ ಏನು ಬಂತು ಎಂದರು. ನಿಯಮ ಮಾಡುವವರು ಯಾರು ಎಂದೂ ಕೇಳಿದರು.

“ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಅಂತರರಾಷ್ಟ್ರೀಯ ಸಾಗರತಳ ಪ್ರಾಧಿಕಾರ ಇದೆ. ಹುಡುಕಲು ಪರವಾನಗಿ ಕೊಟ್ಟಾಗಿದೆ, ಅಗೆಯುವ ನಿಯಮಾವಳಿ 2025ರ ಜುಲೈ ಸಭೆಯಲ್ಲೂ ಅಂತಿಮವಾಗಲಿಲ್ಲ. ಕೆಲವು ದೇಶಗಳು ಸದ್ಯಕ್ಕೆ ತಡೆಯಿರಿ ಅನ್ನುತ್ತಿವೆ. ಭಾರತವೂ ಆ ಪ್ರಾಧಿಕಾರದ ಸದಸ್ಯ.”

“ನಾವು ಯಾವ ಕಡೆ ಕೂತಿದ್ದೇವೆ?” ಎಂದು ಅಕ್ಕ ಕೇಳಿದರು.

“ಪರವಾನಗಿ ಪಡೆದವರ ಸಾಲಿನಲ್ಲಿ,” ಎಂದರು ಆಡಿಟರ್, ಮೇಷ್ಟ್ರಿಗಿಂತ ಮೊದಲೇ.